ಮನೆಯ ಮಾಳಿಗೆಯ ಮೇಲೆ ಸೂರ್ಯಶಕ್ತಿ: ಗೃಹಸ್ಥರು ತಿಳಿಯತಕ್ಕ ಲೆಕ್ಕಾಚಾರ

೧. ಪೀಠಿಕೆ

ಬೇಸಾಯವೆಂಬುದು ಆದಿಯಿಂದಲೂ ಸೂರ್ಯನ ಶಕ್ತಿಯನ್ನು ಕೂಡಿಡುವ ಕಸಬೇ ಆಗಿದೆ. ರಾಗಿಯ ತೆನೆಯಲ್ಲಿಯೂ ಕಬ್ಬಿನ ಜಲ್ಲೆಯಲ್ಲಿಯೂ ಒಲೆಗೆ ಹಾಕುವ ಸೌದೆಯಲ್ಲಿಯೂ ಅಡಗಿರುವುದು ಬಿಸಿಲೇ. ಎಲೆಯು ಹಿಡಿದಿಟ್ಟ ಬಿಸಿಲನ್ನು ಮನುಷ್ಯನು ಅನ್ನವಾಗಿಯೂ, ಎತ್ತು ಮೇವಾಗಿಯೂ, ಒಲೆಯು ಉರುವಲಾಗಿಯೂ ಉಪಯೋಗಿಸುತ್ತವೆ. ಈಗ ಎಲೆಯ ಸಹಾಯವಿಲ್ಲದೆ ಬಿಸಿಲನ್ನು ನೇರವಾಗಿ ವಿದ್ಯುಚ್ಛಕ್ತಿಯಾಗಿ ಮಾರ್ಪಡಿಸತಕ್ಕ ಫಲಕಗಳು ಹಳ್ಳಿಯ ಮನೆಗಳ ಮೇಲೂ ಕಾಣಬರುತ್ತಿವೆ. ಪಾವಗಡ ತಾಲ್ಲೂಕಿನಲ್ಲಿ ಸುಮಾರು ೧೩,೦೦೦ ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು ೨,೦೫೦ ಮೆಗಾವ್ಯಾಟ್ ಪ್ರಮಾಣದಲ್ಲಿ ನಿರ್ಮಿಸಿರುವ ಸೂರ್ಯಸ್ಥಾವರದಲ್ಲಿ ಕೆಲಸಮಾಡುವ ಫಲಕವೂ, ಒಂಟಿ ಮನೆಯ ಮಾಳಿಗೆಯ ಮೇಲಿನ ಫಲಕವೂ ತತ್ತ್ವದಲ್ಲಿ ಒಂದೇ. ವ್ಯತ್ಯಾಸವಿರುವುದು ಉಸ್ತುವಾರಿಯಲ್ಲಿ. ಅಲ್ಲಿ ನೋಡಿಕೊಳ್ಳಲು ಇಂಜಿನಿಯರುಗಳಿದ್ದಾರೆ. ಇಲ್ಲಿ ಮನೆಯ ಯಜಮಾನನೇ ಇಂಜಿನಿಯರು, ಅವನೇ ಕಾವಲುಗಾರ.

ಇಂಥ ಉಪಕರಣವನ್ನು ಕೊಳ್ಳುವುದು ಒಂದು ಜೊತೆ ಎತ್ತುಗಳನ್ನು ಕೊಂಡಂತೆ. ಹಲ್ಲು, ಗೊರಸು, ಸುಳಿಗಳನ್ನು ನೋಡದೆ ಯಾರೂ ಎತ್ತನ್ನು ಕೊಳ್ಳುವುದಿಲ್ಲ. ಕೊಂಡಮೇಲೆ ಮೇವು ನೀರುಗಳಿಗೆ ದಾರಿಮಾಡದೆ ಬಿಡುವುದೂ ಇಲ್ಲ. ಆದರೆ ಸೂರ್ಯಫಲಕದ ವಿಷಯದಲ್ಲಿ ಅನೇಕರು ಈ ಎರಡು ವಿವೇಕಗಳನ್ನೂ ಮರೆಯುತ್ತಾರೆ. ಸಾಲಮಾಡಿ ಉಪಕರಣವನ್ನು ಹಾಕಿಸಿ, ಮೂರು ನಾಲ್ಕು ವರ್ಷಗಳಲ್ಲಿ ಬ್ಯಾಟರಿ ಸತ್ತು, ಫಲಕ ಧೂಳು ಹಿಡಿದು, ಸಾಲದ ಕಂತು ಮಾತ್ರ ಬೆಳೆಯುತ್ತಿರುವ ಮನೆಗಳು ಉಂಟು. ಅದೇ ಬೆಲೆಯ ಉಪಕರಣದಿಂದ ಹದಿನೈದು ಇಪ್ಪತ್ತು ವರ್ಷಗಳ ಕಾಲ ಬೆಳಕು ಪಡೆದ ಮನೆಗಳೂ ಉಂಟು. ಈ ಭೇದಕ್ಕೆ ಕಾರಣವು ಬಹುಮಟ್ಟಿಗೆ ಕೊಳ್ಳುವ ಮೊದಲು ಮಾಡತಕ್ಕ ಲೆಕ್ಕದಲ್ಲಿಯೂ ಕೊಂಡ ಮೇಲೆ ಮಾಡತಕ್ಕ ಆರೈಕೆಯಲ್ಲಿಯೂ ಇದೆ. ಬಿಸಿಲು ಧರ್ಮಾರ್ಥವಾಗಿ ದೊರೆಯುತ್ತದೆ. ಅದನ್ನು ಹಿಡಿಯುವ ಸಾಧನವು ಹಾಗೆ ದೊರೆಯುವುದಿಲ್ಲ. ಆದುದರಿಂದ ಆ ಲೆಕ್ಕವೂ ಆರೈಕೆಯೂ ಎಂತಹವೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

೨. ಪೂರ್ವಚರಿತ್ರೆ

ಬಿಸಿಲಿನಿಂದ ಯಂತ್ರವನ್ನು ನಡೆಸಬೇಕೆಂಬ ಪ್ರಯತ್ನವು ಹೊಸದಲ್ಲ. ೧೮೭೮ರಲ್ಲಿ ಬೊಂಬಾಯಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ವಿಲಿಯಂ ಆಡಮ್ಸ್ ಎಂಬ ಆಂಗ್ಲೇಯನು, ಅನೇಕ ಚಪ್ಪಟೆ ಕನ್ನಡಿಗಳನ್ನು ಅರ್ಧವೃತ್ತಾಕಾರವಾಗಿ ನಿಲ್ಲಿಸಿ ಬಿಸಿಲನ್ನು ಒಂದು ಹಂಡೆಯ ಮೇಲೆ ಕೇಂದ್ರೀಕರಿಸಿ, ಹುಟ್ಟಿದ ಉಗಿಯಿಂದ ನೀರೆತ್ತುವ ಯಂತ್ರವನ್ನು ನಡೆಸಿ ತೋರಿಸಿದನು. ಉಷ್ಣದೇಶಗಳಲ್ಲಿ ಸೌದೆ ಇದ್ದಲುಗಳಿಗೆ ಬದಲಾಗಿ ಬಿಸಿಲನ್ನು ಉಪಯೋಗಿಸಬಹುದೆಂದು ಪ್ರತಿಪಾದಿಸುವ ಗ್ರಂಥವನ್ನೂ ಆತನು ಅದೇ ವರ್ಷ ಪ್ರಕಟಿಸಿದನು. ೧೯೧೩ರಲ್ಲಿ ಅಮೆರಿಕಾದ ಫ್ರಾಂಕ್ ಷೂಮನ್ ಎಂಬಾತನು ಈಜಿಪ್ಟ್ ದೇಶದ ಕೈರೋ ನಗರದ ಬಳಿಯ ಮಾದಿ ಎಂಬಲ್ಲಿ ದೋಣಿಯಾಕಾರದ ಐದು ದೊಡ್ಡ ಕನ್ನಡಿಗಳಿಂದ ಉಗಿ ಹುಟ್ಟಿಸಿ, ಹೊಲಗಳಿಗೆ ನಿಮಿಷಕ್ಕೆ ಸುಮಾರು ೬,೦೦೦ ಗ್ಯಾಲನ್ ನೀರನ್ನೆತ್ತುವ ಸ್ಥಾವರವನ್ನು ಸ್ಥಾಪಿಸಿದನು. ಮರುವರ್ಷವೇ ಮಹಾಯುದ್ಧವು ಪ್ರಾರಂಭವಾಯಿತು. ಆಮೇಲೆ ಕಲ್ಲೆಣ್ಣೆಯು ಅಗ್ಗವಾಗಿ ದೊರೆಯತೊಡಗಿದ್ದರಿಂದ ಈ ಕೆಲಸವು ಅಲ್ಲಿಗೇ ನಿಂತಿತು.

ಉಗಿಯಿಲ್ಲದೆ ಬೆಳಕಿನಿಂದಲೇ ವಿದ್ಯುತ್ತನ್ನು ಪಡೆಯುವ ಮಾರ್ಗದ ಚರಿತ್ರೆಯು ಬೇರೆ. ೧೮೩೯ರಲ್ಲಿ ಫ್ರಾನ್ಸ್ ದೇಶದ ಎಡ್ಮಂಡ್ ಬೆಕೆರೆಲ್ ಎಂಬ ವಿಜ್ಞಾನಿಯು ಕೆಲವು ಪದಾರ್ಥಗಳ ಮೇಲೆ ಬೆಳಕು ಬಿದ್ದರೆ ವಿದ್ಯುತ್ಪ್ರವಾಹವು ಹುಟ್ಟುವುದೆಂದು ಕಂಡುಹಿಡಿದನು. ೧೮೮೩ರಲ್ಲಿ ಚಾರ್ಲ್ಸ್ ಫ್ರಿಟ್ಸ್ ಎಂಬಾತನು ಸೆಲೆನಿಯಂ ಎಂಬ ಧಾತುವಿನಿಂದ ಫಲಕವೊಂದನ್ನು ಮಾಡಿದನು. ಆದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಅದರಲ್ಲಿ ವಿದ್ಯುತ್ತಾಗುತ್ತಿತ್ತು. ಅಮೆರಿಕಾದ ಬೆಲ್ ಪ್ರಯೋಗಶಾಲೆಯಲ್ಲಿ ಚೇಪಿನ್, ಫುಲ್ಲರ್ ಮತ್ತು ಪಿಯರ್ಸನ್ ಎಂಬ ಮೂವರು ೧೯೫೪ರಲ್ಲಿ ಸಿಲಿಕಾನ್ ಧಾತುವಿನಿಂದ ನೂರಕ್ಕೆ ಆರು ಪಾಲು ವಿದ್ಯುತ್ತನ್ನು ಕೊಡುವ ಫಲಕವನ್ನು ಪ್ರದರ್ಶಿಸಿದರು. ಈ ಸಂಶೋಧನೆಗೆ ಮೂಲವಾದ ಕಾರಣವು ಇಲ್ಲಿ ಗಮನಾರ್ಹವಾಗಿದೆ. ಬಿಸಿಲೂ ತೇವವೂ ಹೆಚ್ಚಾಗಿರುವ ಪ್ರದೇಶಗಳಲ್ಲಿ ಟೆಲಿಫೋನ್ ತಂತಿಗೆ ಬೇಕಾದ ಒಣ ಬ್ಯಾಟರಿಗಳು ಬೇಗನೆ ಕೆಟ್ಟುಹೋಗುತ್ತಿದ್ದುದರಿಂದ, ಬೇರೊಂದು ಸಾಧನವನ್ನು ಹುಡುಕುವ ಕೆಲಸವು ಚೇಪಿನ್‌ಗೆ ಒಪ್ಪಿಸಲ್ಪಟ್ಟಿತ್ತು. ೧೯೫೫ರಲ್ಲಿ ಜಾರ್ಜಿಯಾ ಸಂಸ್ಥಾನದ ಅಮೆರಿಕಸ್ ಎಂಬ ಊರಿನ ಬಳಿ ಹಳ್ಳಿಗಾಡಿನ ಟೆಲಿಫೋನ್ ತಂತಿಯ ಮೇಲೆಯೇ ಈ ಫಲಕವನ್ನು ಮೊದಲು ಪರೀಕ್ಷಿಸಿದರು. ಪರೀಕ್ಷೆಯು ಫಲಿಸಿತಾದರೂ ಬೆಲೆಯು ಅತಿಯಾಗಿದ್ದುದರಿಂದ ಅದು ಹಳ್ಳಿಗೆ ಬರಲಿಲ್ಲ. ೧೯೫೮ರಲ್ಲಿ ಆಕಾಶಕ್ಕೆ ಹಾರಿಸಿದ ವ್ಯಾನ್‌ಗಾರ್ಡ್ ಎಂಬ ಕೃತಕ ಉಪಗ್ರಹಕ್ಕೆ ಏರಿತು. ೧೯೭೦ರ ಸುಮಾರಿನಲ್ಲಿ ಒಂದು ವ್ಯಾಟಿಗೆ ನೂರು ಡಾಲರುಗಳ ಹತ್ತಿರವಿದ್ದ ಬೆಲೆಯು ಕ್ರಮೇಣ ಇಳಿದು ಈಗ ಒಂದು ಡಾಲರಿನ ಸಣ್ಣ ಅಂಶಕ್ಕೆ ಬಂದಿದೆ. ಈಗಿನ ಸಾಮಾನ್ಯ ಫಲಕವು ನೂರಕ್ಕೆ ಸುಮಾರು ಇಪ್ಪತ್ತು ಪಾಲು ವಿದ್ಯುತ್ತನ್ನು ಕೊಡುತ್ತದೆ.

ಕರ್ನಾಟಕವು ವಿದ್ಯುತ್ತಿನ ವಿಷಯದಲ್ಲಿ ಮೊದಲಿನಿಂದಲೂ ಮುಂದಾಗಿತ್ತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿಯಿತು. ತಂತಿಯು ಮುಟ್ಟದೆ ಉಳಿದ ಹಳ್ಳಿ, ತೋಟದ ಮನೆಗಳಿಗೆ ಸೂರ್ಯದೀಪವನ್ನು ಒದಗಿಸುವ ಕೆಲಸವನ್ನು ೧೯೯೫ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯು ಗ್ರಾಮಾಂತರ ಬ್ಯಾಂಕುಗಳ ಸಾಲದ ನೆರವಿನಿಂದ ನಡೆಸಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆಯಿತು.

೩. ಫಲಕದ ತತ್ತ್ವ

ಸಿಲಿಕಾನ್ ಎಂಬುದು ಮರಳಿನಲ್ಲಿ ಹೇರಳವಾಗಿ ಸೇರಿರುವ ಧಾತು. ಅದನ್ನು ಶೋಧಿಸಿ, ಕೂದಲಿನ ಕೆಲವು ಪಟ್ಟು ದಪ್ಪದ ಹಾಳೆಗಳಾಗಿ ಕತ್ತರಿಸಿ, ಒಂದು ಮುಖದಲ್ಲಿ ಒಂದು ಬಗೆಯ ಪದಾರ್ಥವನ್ನೂ ಇನ್ನೊಂದು ಮುಖದಲ್ಲಿ ಬೇರೊಂದು ಬಗೆಯದನ್ನೂ ಅತ್ಯಲ್ಪವಾಗಿ ಬೆರೆಸುತ್ತಾರೆ. ಬೆಳಕು ಬಿದ್ದೊಡನೆ ಅದರೊಳಗಿನ ವಿದ್ಯುತ್ಕಣಗಳು ಸಡಿಲಗೊಂಡು ಒಂದೇ ಕಡೆಗೆ ತಳ್ಳಲ್ಪಡುತ್ತವೆ. ತಂತಿಯನ್ನು ಜೋಡಿಸಿದರೆ ಪ್ರವಾಹವು ಹರಿಯುತ್ತದೆ. ಇದರಲ್ಲಿ ತಿರುಗುವ ಚಕ್ರವಿಲ್ಲ, ಸವೆಯುವ ಕೀಲಿಲ್ಲ, ಎಣ್ಣೆ ಬೇಕಿಲ್ಲ. ಆದುದರಿಂದಲೇ ಒಳ್ಳೆಯ ಫಲಕವು ೨೫ ವರ್ಷಗಳ ಮೇಲೂ ತನ್ನ ಮೊದಲಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು ೮೦ರಷ್ಟನ್ನು ಉಳಿಸಿಕೊಂಡಿರುತ್ತದೆ.

ಇಲ್ಲಿ ಒಂದು ಸಂದೇಹವನ್ನು ನಿವಾರಿಸಬೇಕಾಗಿದೆ. ಫಲಕಕ್ಕೆ ಬೇಕಾದುದು ಬೆಳಕೇ ಹೊರತು ಬಿಸಿಯಲ್ಲ. ಬಿಸಿಲಿಗೆ ಕಾದಷ್ಟೂ ಅದರ ಶಕ್ತಿಯು ಕಡಮೆಯಾಗುತ್ತದೆ. ಕಾರ್ಖಾನೆಯಲ್ಲಿ ೨೫ ಡಿಗ್ರಿ ಉಷ್ಣತೆಯಲ್ಲಿ ಅಳೆದ ಫಲಕವು ಬೇಸಿಗೆಯ ಮಧ್ಯಾಹ್ನ ೬೦ ಡಿಗ್ರಿಗೆ ಕಾದಾಗ ನೂರಕ್ಕೆ ಸುಮಾರು ೧೨ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಫಲಕವನ್ನು ತಗಡಿನ ಮೇಲೆ ಅಂಟಿಸಿದಂತೆ ಮಲಗಿಸದೆ, ಅಡಿಯಲ್ಲಿ ಗಾಳಿಯಾಡುವಂತೆ ಎತ್ತರಿಸಿ ನಿಲ್ಲಿಸತಕ್ಕದ್ದು.

೪. ಕೆರೆಯ ಹೋಲಿಕೆ

ಮನೆಯ ಸೂರ್ಯವಿದ್ಯುತ್ತಿನ ಏರ್ಪಾಡನ್ನು ತಿಳಿಯಲು ಊರಿನ ಕೆರೆಯನ್ನು ನೆನೆದರೆ ಸಾಕು. ಫಲಕವು ಮಳೆನೀರನ್ನು ತರುವ ಹಳ್ಳ, ಬ್ಯಾಟರಿಯು ಕೆರೆ, ಚಾರ್ಜ್ ಕಂಟ್ರೋಲರ್ ಎಂಬ ಚಿಕ್ಕ ಪೆಟ್ಟಿಗೆಯು ಕೋಡಿಯೂ ತೂಬೂ ಕೂಡಿದ ಕಟ್ಟಡ, ಇನ್ವರ್ಟರ್ ಎಂಬುದು ನೀರನ್ನು ಗದ್ದೆಗಳಿಗೆ ಒಯ್ಯುವ ಕಾಲುವೆ. ಕೆರೆಯು ತುಂಬಿದಾಗ ಕೋಡಿ ಹರಿಯದಿದ್ದರೆ ಏರಿಯು ಒಡೆಯುವಂತೆ, ಬ್ಯಾಟರಿಗೆ ಮಿತಿಮೀರಿ ತುಂಬಿದರೆ ಅದು ಕುದಿದು ಕೆಡುತ್ತದೆ. ತೂಬನ್ನು ಮುಚ್ಚದೆ ತಳದ ಕೆಸರಿನವರೆಗೆ ನೀರನ್ನು ಬಸಿದರೆ ಕೆರೆಯು ಹಾಳಾಗುವಂತೆ, ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ದಿನವೂ ಅರ್ಧಕ್ಕಿಂತ ಕೆಳಗೆ ಬರಿದುಮಾಡಿದರೆ ಅದರ ಆಯುಸ್ಸು ಬೇಗನೆ ಮುಗಿಯುತ್ತದೆ. ಈ ಎರಡನ್ನೂ ತಡೆಯುವುದೇ ಚಾರ್ಜ್ ಕಂಟ್ರೋಲರಿನ ಕೆಲಸ. ಹಣವನ್ನು ಉಳಿಸಲೆಂದು ಅದನ್ನು ಬಿಟ್ಟು ಫಲಕವನ್ನು ನೇರವಾಗಿ ಬ್ಯಾಟರಿಗೆ ಜೋಡಿಸುವವರು ಕೋಡಿಯಿಲ್ಲದ ಕೆರೆಯನ್ನು ಕಟ್ಟಿದವರಂತೆ ಆಗುತ್ತಾರೆ.

ಹೋಲಿಕೆಯು ಇಲ್ಲಿಗೇ ಮುಗಿಯುವುದಿಲ್ಲ. ಕೆರೆಯ ಅಚ್ಚುಕಟ್ಟನ್ನು ಒಳ್ಳೆಯ ಮಳೆಯ ವರ್ಷದ ಮೇಲೆ ಗೊತ್ತುಮಾಡುವುದಿಲ್ಲ. ಅದರಂತೆ ಫಲಕದ ಲೆಕ್ಕವನ್ನೂ ಫಾಲ್ಗುಣ ಚೈತ್ರಗಳ ಬಿಸಿಲಿನ ಮೇಲೆ ಮಾಡದೆ, ಆಷಾಢ ಶ್ರಾವಣಗಳ ಮೋಡದ ಮೇಲೆ ಮಾಡತಕ್ಕದ್ದು. ಕರ್ನಾಟಕದ ಬಯಲುಸೀಮೆಯಲ್ಲಿ ಒಂದು ಕಿಲೋವ್ಯಾಟ್ ಫಲಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ೪ ರಿಂದ ೫ ಯೂನಿಟ್ ವಿದ್ಯುತ್ತನ್ನು ಕೊಡುತ್ತದೆ. ಮಳೆಗಾಲದಲ್ಲಿ ಇದು ಬಹಳವಾಗಿ ಇಳಿಯುತ್ತದೆ. ಮಲೆನಾಡು ಮತ್ತು ಕರಾವಳಿಗಳಲ್ಲಿ ಇನ್ನೂ ಕಡಮೆ. ಸರಾಸರಿಯನ್ನು ನಂಬಿ ಕೊಂಡವರ ಮನೆಯಲ್ಲಿ ದೀಪದ ಅವಶ್ಯಕತೆಯು ಅತಿಯಾಗಿರುವ ಮಳೆಯ ರಾತ್ರಿಯಲ್ಲೇ ಕತ್ತಲೆಯಾಗುವುದು ಈ ಕಾರಣದಿಂದಲೇ.

೫. ಮನೆಯ ಲೆಕ್ಕ

ಎಷ್ಟು ದೊಡ್ಡ ಫಲಕ ಬೇಕೆಂದು ಮಾರುವವನನ್ನು ಕೇಳುವ ಮೊದಲು, ಎಷ್ಟು ವಿದ್ಯುತ್ತು ಬೇಕೆಂದು ಮನೆಯಲ್ಲೇ ಕೇಳಿಕೊಳ್ಳತಕ್ಕದ್ದು. ವ್ಯಾಟ್ ಎಂಬುದು ಉಪಕರಣವು ಶಕ್ತಿಯನ್ನು ಎಳೆಯುವ ವೇಗ; ಅದನ್ನು ನಡೆಯುವ ಗಂಟೆಗಳಿಂದ ಗುಣಿಸಿದರೆ ಖರ್ಚು ದೊರೆಯುತ್ತದೆ. ಸಾವಿರ ವ್ಯಾಟ್ ಗಂಟೆಗಳು ಸೇರಿ ಒಂದು ಯೂನಿಟ್. ಸಾಧಾರಣವಾದ ಒಂದು ಒಕ್ಕಲು ಕುಟುಂಬದ ದಿನದ ಖರ್ಚನ್ನು ನಿದರ್ಶನಕ್ಕಾಗಿ ಕೆಳಗೆ ಕೊಟ್ಟಿದೆ.

ಎಲ್‌ಇಡಿ ದೀಪಗಳು ೬. ತಲಾ ೯ ವ್ಯಾಟ್. ೫ ಗಂಟೆ — ೨೭೦ ವ್ಯಾಟ್ ಗಂಟೆ.
ಮಿತವ್ಯಯದ ಬಿಎಲ್‌ಡಿಸಿ ಫ್ಯಾನುಗಳು ೨. ತಲಾ ೩೦ ವ್ಯಾಟ್. ೮ ಗಂಟೆ — ೪೮೦ ವ್ಯಾಟ್ ಗಂಟೆ.
ಟೆಲಿವಿಷನ್ ೧; ೬೦ ವ್ಯಾಟ್; ೩ ಗಂಟೆ — ೧೮೦ ವ್ಯಾಟ್ ಗಂಟೆ.
ಮೊಬೈಲ್ ಫೋನುಗಳು ೩. ದಿನಕ್ಕೆ ತಲಾ ೧೫ ವ್ಯಾಟ್ ಗಂಟೆ — ೪೫ ವ್ಯಾಟ್ ಗಂಟೆ.
ಮಿಕ್ಸರ್ ೧, ೫೦೦ ವ್ಯಾಟ್, ಕಾಲು ಗಂಟೆ — ೧೨೫ ವ್ಯಾಟ್ ಗಂಟೆ.
ಒಟ್ಟು — ೧,೧೦೦ ವ್ಯಾಟ್ ಗಂಟೆ, ಎಂದರೆ ಒಂದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು.

ಹಳ್ಳದಿಂದ ಬಂದ ನೀರೆಲ್ಲವೂ ಗದ್ದೆಯನ್ನು ಮುಟ್ಟುವುದಿಲ್ಲ. ಫಲಕದ ಕಾವು, ಧೂಳು, ಬ್ಯಾಟರಿ, ತಂತಿ, ಇನ್ವರ್ಟರುಗಳಲ್ಲಿ ನೂರಕ್ಕೆ ಮೂವತ್ತು ಪಾಲು ಸೋರಿಹೋಗುವುದೆಂದು ಎಣಿಸುವುದು ಕ್ಷೇಮ. ಆದುದರಿಂದ ೧,೧೦೦ ವ್ಯಾಟ್ ಗಂಟೆಗಳು ಕೈಸೇರಬೇಕಾದರೆ ಫಲಕದಿಂದ ಸುಮಾರು ೧,೬೦೦ ವ್ಯಾಟ್ ಗಂಟೆಗಳು ಹೊರಡಬೇಕು. ಮೋಡದ ದಿನಗಳಲ್ಲಿ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಮೂರು ಗಂಟೆಗಳಷ್ಟೇ ದೊರೆಯುವುದೆಂದು ಇಟ್ಟುಕೊಂಡರೆ, ೧,೬೦೦ನ್ನು ೩ರಿಂದ ಭಾಗಿಸಿ ಸುಮಾರು ೫೪೦ ವ್ಯಾಟ್ ಫಲಕ ಬೇಕೆಂದು ಗೊತ್ತಾಗುತ್ತದೆ. ಈಗ ಪೇಟೆಯಲ್ಲಿ ಇಷ್ಟು ಶಕ್ತಿಯ ಫಲಕವು ಒಂದೇ ಹಲಗೆಯಾಗಿ ದೊರೆಯುತ್ತದೆ.

ಮೇಲ್ಕಂಡ ಲೆಕ್ಕದಲ್ಲಿ ಮಿತವ್ಯಯದ ಫ್ಯಾನುಗಳಿಗೆ ಬದಲಾಗಿ ೭೫ ವ್ಯಾಟಿನ ಹಳೆಯ ಫ್ಯಾನುಗಳೇ ಇದ್ದರೆ, ಅವೆರಡೇ ೧,೨೦೦ ವ್ಯಾಟ್ ಗಂಟೆಗಳನ್ನು ತಿನ್ನುತ್ತವೆ. ಒಟ್ಟು ಖರ್ಚು ೧,೮೨೦ಕ್ಕೆ ಏರುತ್ತದೆ. ೫೪೦ ವ್ಯಾಟಿನ ಫಲಕಕ್ಕೆ ಬದಲಾಗಿ ಸುಮಾರು ೮೭೦ ವ್ಯಾಟಿನದು ಬೇಕಾಗುತ್ತದೆ. ಬ್ಯಾಟರಿಯೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಎರಡು ಫ್ಯಾನುಗಳನ್ನು ಬದಲಾಯಿಸುವ ಖರ್ಚು ಎರಡನೆಯ ಫಲಕ ಮತ್ತು ಹೆಚ್ಚಿನ ಬ್ಯಾಟರಿಗಳ ಖರ್ಚಿಗಿಂತ ಬಹಳ ಕಡಮೆ. ಆದುದರಿಂದ ಬುದ್ಧಿವಂತನಾದ ಗೃಹಸ್ಥನು ಮೊದಲು ಸೋರುವ ಮಡಕೆಯನ್ನು ಸರಿಮಾಡಿ, ಆಮೇಲೆ ನೀರು ಸೇದಲು ಹೊರಡುತ್ತಾನೆ.

ಬ್ಯಾಟರಿಯ ಲೆಕ್ಕವೂ ಹೀಗೆಯೇ. ೧೨ ವೋಲ್ಟ್, ೧೫೦ ಆಂಪಿಯರ್ ಗಂಟೆಯ ಸೀಸದ ಬ್ಯಾಟರಿಯಲ್ಲಿ ೧.೮ ಯೂನಿಟ್ ಹಿಡಿಯುತ್ತದೆ. ಅರ್ಧವನ್ನು ಮಾತ್ರ ತೆಗೆಯತಕ್ಕದ್ದಾದ್ದರಿಂದ ಉಪಯೋಗಕ್ಕೆ ಬರುವುದು ೦.೯ ಯೂನಿಟ್. ಅಂಥ ಎರಡು ಬ್ಯಾಟರಿಗಳಿದ್ದರೆ ಮೇಲಿನ ಕುಟುಂಬವು ಬಿಸಿಲಿಲ್ಲದಿದ್ದರೂ ಒಂದು ರಾತ್ರಿಯನ್ನು ನಿರಾತಂಕವಾಗಿಯೂ ಎರಡನೆಯ ರಾತ್ರಿಯನ್ನು ಮಿತವ್ಯಯದಿಂದಲೂ ಕಳೆಯಬಹುದು. ಲಿಥಿಯಂ ಬ್ಯಾಟರಿಗಳನ್ನು ನೂರಕ್ಕೆ ೮೦ರವರೆಗೂ ಬರಿದುಮಾಡಬಹುದಲ್ಲದೆ ಅವು ಹೆಚ್ಚು ವರ್ಷ ಬಾಳುತ್ತವೆ. ಆದರೆ ಬೆಲೆಯು ಹೆಚ್ಚು.

೬. ನೀರು ಕಾಯಿಸುವ ವಿಷಯ

ಮೇಲಿನ ಪಟ್ಟಿಯಲ್ಲಿ ಸ್ನಾನದ ಬಿಸಿನೀರು ಇಲ್ಲದಿರುವುದನ್ನು ವಾಚಕರು ಗಮನಿಸಿರಬಹುದು. ೧೦೦ ಲೀಟರ್ ನೀರನ್ನು ೨೫ ಡಿಗ್ರಿಯಿಂದ ೬೦ ಡಿಗ್ರಿಗೆ ಕಾಯಿಸಲು ಸುಮಾರು ೪ ಯೂನಿಟ್ ಬೇಕು. ಎಂದರೆ ಮನೆಯ ದೀಪ, ಫ್ಯಾನು, ಟೆಲಿವಿಷನ್ ಎಲ್ಲಕ್ಕೂ ಮೂರೂವರೆ ದಿನಗಳಿಗೆ ಸಾಲುವ ವಿದ್ಯುತ್ತು ಒಂದು ಬೆಳಗಿನ ಸ್ನಾನಕ್ಕೆ ಮುಗಿದುಹೋಗುತ್ತದೆ. ಬಿಸಿಲನ್ನು ವಿದ್ಯುತ್ತಾಗಿ ಮಾಡಿ, ವಿದ್ಯುತ್ತನ್ನು ಮತ್ತೆ ಬಿಸಿಯಾಗಿ ಮಾಡುವುದು ಭತ್ತವನ್ನು ಮಾರಿ ಆ ಹಣದಿಂದ ಅಕ್ಕಿಯನ್ನು ಕೊಂಡಂತೆ. ನಡುವೆ ನಷ್ಟವೇ ಹೆಚ್ಚು. ವಿದ್ಯುತ್ಫಲಕವು ಬಿಸಿಲಿನಲ್ಲಿ ಐದನೆಯ ಒಂದು ಪಾಲನ್ನು ಮಾತ್ರ ಹಿಡಿದರೆ, ನೀರನ್ನು ನೇರವಾಗಿ ಕಾಯಿಸುವ ಸೌರಹಂಡೆಯು ಸುಮಾರು ಅರ್ಧದಷ್ಟನ್ನು ಹಿಡಿಯುತ್ತದೆ. ೧೦೦ ಲೀಟರಿನ ಹಂಡೆಗೆ ಸುಮಾರು ಎರಡು ಚದರ ಮೀಟರ್ ಬಿಸಿಲು ಸಾಕು. ಬೆಂಗಳೂರಿನ ಮಾಳಿಗೆಗಳ ಮೇಲೆ ಇಂಥ ಹಂಡೆಗಳು ದಶಕಗಳಿಂದ ಸಾಮಾನ್ಯವಾಗಿವೆ. ಸ್ನಾನದ ಒಲೆಗೆ ಸುಡುವ ಸೌದೆಯೂ ತೆಂಗಿನ ಮಟ್ಟೆಯೂ ಇದರಿಂದ ಉಳಿಯುವುದಲ್ಲದೆ, ಬೆಳಗಿನ ಹೊಗೆಯೂ ತಪ್ಪುತ್ತದೆ. ಹೆಂಗಸರ ಕಣ್ಣು ಮತ್ತು ಉಸಿರಿನ ಆರೋಗ್ಯಕ್ಕೆ ಇದು ಅಲ್ಪವಾದ ಲಾಭವಲ್ಲ.

೭. ಒಂಟಿ ಏರ್ಪಾಡು ಮತ್ತು ತಂತಿಗೆ ಸೇರಿದ ಏರ್ಪಾಡು

ಮನೆಯ ಸೂರ್ಯವಿದ್ಯುತ್ತಿನಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಬ್ಯಾಟರಿಯನ್ನು ಇಟ್ಟುಕೊಂಡು ಸ್ವತಂತ್ರವಾಗಿ ನಡೆಯುವುದು ಒಂದು ಬಗೆ. ಬ್ಯಾಟರಿಯಿಲ್ಲದೆ ಸರ್ಕಾರದ ವಿದ್ಯುತ್ ತಂತಿಗೇ ಸೇರಿಕೊಂಡು, ಹಗಲಿನಲ್ಲಿ ಹೆಚ್ಚಾದುದನ್ನು ತಂತಿಗೆ ಕೊಟ್ಟು, ರಾತ್ರಿ ಬೇಕಾದುದನ್ನು ತಂತಿಯಿಂದ ಪಡೆಯುವುದು ಎರಡನೆಯದು. ಹೋದುದನ್ನೂ ಬಂದುದನ್ನೂ ಎರಡು ಕಡೆಯಿಂದ ಎಣಿಸುವ ಮೀಟರನ್ನು ಇದಕ್ಕೆ ಹಾಕುತ್ತಾರೆ. ತಂತಿಯು ಚೆನ್ನಾಗಿರುವ ಊರಿನಲ್ಲಿ ಎರಡನೆಯದು ಅಗ್ಗ. ಬ್ಯಾಟರಿಯ ಖರ್ಚೂ ಆರೈಕೆಯೂ ಅದಕ್ಕಿಲ್ಲ.

ಆದರೆ ಎರಡನೆಯ ಬಗೆಯನ್ನು ಆರಿಸುವವರು ಒಂದು ವಿಷಯವನ್ನು ಮುಂಚಿತವಾಗಿಯೇ ತಿಳಿದಿರತಕ್ಕದ್ದು. ಊರಿನ ವಿದ್ಯುತ್ತು ನಿಂತಾಗ ಈ ಏರ್ಪಾಡೂ ತಾನಾಗಿಯೇ ನಿಂತುಹೋಗುತ್ತದೆ. ಸುಡುಬಿಸಿಲಿನಲ್ಲಿಯೂ ಫ್ಯಾನು ತಿರುಗುವುದಿಲ್ಲ. ಇದು ಯಂತ್ರದ ದೋಷವಲ್ಲ. ಕಂಬವನ್ನು ಹತ್ತಿ ತಂತಿಯನ್ನು ರಿಪೇರಿ ಮಾಡುವ ನೌಕರನಿಗೆ ಮಾಳಿಗೆಯ ವಿದ್ಯುತ್ತು ಹಿಂದಕ್ಕೆ ಹರಿದು ಪ್ರಾಣಾಪಾಯವಾಗದಿರಲೆಂದು ಮಾಡಿದ ಏರ್ಪಾಡು. ಇದನ್ನು ತಿಳಿಯದೆ ಕೊಂಡವರು ಮೋಸಹೋದೆವೆಂದು ವ್ಯಥೆಪಡುವುದುಂಟು. ಪದೇ ಪದೇ ವಿದ್ಯುತ್ತು ನಿಲ್ಲುವ ಊರಿನವರು ಚಿಕ್ಕ ಬ್ಯಾಟರಿಯನ್ನೂ ಸೇರಿಸಿದ ಮಿಶ್ರ ಏರ್ಪಾಡನ್ನು ವಿಚಾರಿಸುವುದು ಉತ್ತಮ.

ತಂತಿಗೆ ಸೇರಿದ ಮನೆಯ ಏರ್ಪಾಡುಗಳಿಗೆ ಕೇಂದ್ರ ಸರ್ಕಾರವು ೨೦೨೪ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಎಂಬ ಯೋಜನೆಯನ್ನು ಆರಂಭಿಸಿ, ಒಂದು ಕಿಲೋವ್ಯಾಟಿಗೆ ೩೦,೦೦೦ ರೂಪಾಯಿ, ಎರಡಕ್ಕೆ ೬೦,೦೦೦ ರೂಪಾಯಿ, ಮೂರು ಮತ್ತು ಅದಕ್ಕೆ ಮೇಲ್ಪಟ್ಟುದಕ್ಕೆ ೭೮,೦೦೦ ರೂಪಾಯಿ ಸಹಾಯಧನವನ್ನು ಗೊತ್ತುಮಾಡಿತು. ಸಹಾಯಧನದ ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ, ವಿದ್ಯುತ್ ಸರಬರಾಜು ಕಂಪನಿಯ ಕಛೇರಿಯಲ್ಲಿ ವಿಚಾರಿಸದೆ ಯಾರ ಮಾತಿನ ಮೇಲೆಯೂ ಮುಂಗಡ ಹಣವನ್ನು ಕೊಡಕೂಡದು. ಕರ್ನಾಟಕ ಸರ್ಕಾರವು ೨೦೨೩ರಲ್ಲಿ ಆರಂಭಿಸಿದ ಗೃಹಜ್ಯೋತಿ ಯೋಜನೆಯಂತೆ ಹಣವಿಲ್ಲದೆ ವಿದ್ಯುತ್ತು ಪಡೆಯುವ ಚಿಕ್ಕ ಮನೆಗೆ ಮಾಳಿಗೆಯ ಫಲಕದಿಂದ ಬಿಲ್ಲಿನ ಉಳಿತಾಯವು ಹೆಚ್ಚಾಗಿ ಕಾಣದು. ಅಂಥ ಮನೆಯವರು ಸಾಲಮಾಡುವ ಮೊದಲು ಎರಡು ಸಲ ಯೋಚಿಸತಕ್ಕದ್ದು. ಹೆಚ್ಚಾಗಿ ಬಿಲ್ಲು ಕಟ್ಟುವ ದೊಡ್ಡ ಮನೆ, ಹಿಟ್ಟಿನ ಗಿರಣಿ, ಹಾಲಿನ ಸಂಘ, ತಂತಿಯಿಲ್ಲದ ತೋಟದ ಮನೆ, ಇವುಗಳಿಗೆ ಲಾಭವು ಸ್ಪಷ್ಟವಾಗಿದೆ.

೮. ಫಲಕವನ್ನು ನಿಲ್ಲಿಸುವ ಕ್ರಮ

ಕರ್ನಾಟಕವು ಭೂಮಧ್ಯರೇಖೆಯ ಉತ್ತರಕ್ಕೆ ಸುಮಾರು ೧೧ರಿಂದ ೧೮ ಡಿಗ್ರಿಗಳ ನಡುವೆ ಇರುವುದರಿಂದ, ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ ೧೦ರಿಂದ ೧೫ ಡಿಗ್ರಿಗಳಷ್ಟು ಓರೆಯಾಗಿ ನಿಲ್ಲಿಸತಕ್ಕದ್ದು. ಈ ಓರೆಯಿಂದ ಮಳೆಯ ನೀರು ಹರಿದು ಧೂಳನ್ನು ತೊಳೆಯುತ್ತದೆ. ಒಂದು ಕಿಲೋವ್ಯಾಟಿಗೆ ಓಡಾಡುವ ಜಾಗವೂ ಸೇರಿ ಸುಮಾರು ನೂರು ಚದರ ಅಡಿ ಬೇಕು.

ನೆರಳಿನ ವಿಷಯದಲ್ಲಿ ಅತ್ಯಂತ ಎಚ್ಚರಿಕೆಯಿರಬೇಕು. ಫಲಕದೊಳಗಿನ ಬಿಲ್ಲೆಗಳು ಸಾಲುಹಿಡಿದು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವ ಆಳುಗಳಂತೆ ಜೋಡಿಸಲ್ಪಟ್ಟಿವೆ. ನಡುವೆ ಒಬ್ಬನು ನಿಂತರೆ ಸಾಲೇ ನಿಲ್ಲುತ್ತದೆ. ಅದರಂತೆ ಒಂದು ತೆಂಗಿನ ಗರಿಯ ನೆರಳಾಗಲಿ, ಒಂದು ಅಂಟಿದ ಎಲೆಯಾಗಲಿ ಬಿದ್ದಷ್ಟೇ ಜಾಗವನ್ನಲ್ಲದೆ, ಆ ಸಾಲಿನ ಪ್ರವಾಹವನ್ನೆಲ್ಲ ಕುಗ್ಗಿಸುತ್ತದೆ. ಈಗಿನ ಫಲಕಗಳಲ್ಲಿ ಇದಕ್ಕೆ ಸ್ವಲ್ಪಮಟ್ಟಿನ ಪರಿಹಾರವಿದ್ದರೂ ನಷ್ಟವು ಪೂರ್ತಿಯಾಗಿ ತಪ್ಪುವುದಿಲ್ಲ. ಬೆಳಗ್ಗೆ ೯ ಗಂಟೆಯಿಂದ ಸಂಜೆ ೪ ಗಂಟೆಯವರೆಗೆ ನೆರಳು ಬೀಳದ ಜಾಗವನ್ನೇ ಆರಿಸತಕ್ಕದ್ದು. ಸೂರ್ಯನು ದಕ್ಷಿಣಾಯನದಲ್ಲಿ ಕೆಳಗಿಳಿಯುವುದರಿಂದ, ಮೇ ತಿಂಗಳಿನಲ್ಲಿ ನೆರಳಿಲ್ಲದ ಜಾಗಕ್ಕೆ ಡಿಸೆಂಬರಿನಲ್ಲಿ ನೆರೆಮನೆಯ ನೆರಳು ಬರಬಹುದು. ಈಗಿರುವ ಗಿಡವು ಐದು ವರ್ಷಗಳಲ್ಲಿ ಮರವಾಗಬಹುದು. ಇವೆರಡನ್ನೂ ಮೊದಲೇ ಆಲೋಚಿಸತಕ್ಕದ್ದು.

೯. ಆರೈಕೆ

ಹದಿನೈದು ದಿನಗಳಿಗೊಮ್ಮೆ, ಕಣದ ಕಾಲದಲ್ಲಿ ವಾರಕ್ಕೊಮ್ಮೆ, ಮುಂಜಾನೆ ಫಲಕವು ತಣ್ಣಗಿರುವಾಗ ಮೃದುವಾದ ಬಟ್ಟೆ ಮತ್ತು ಸಿಹಿನೀರಿನಿಂದ ಒರೆಸತಕ್ಕದ್ದು. ಕಾದ ಗಾಜಿನ ಮೇಲೆ ತಣ್ಣೀರನ್ನು ಹಾಕಕೂಡದು. ಸಬಕಾರದ ಪುಡಿ, ಬೂದಿ, ತೆಂಗಿನ ನಾರುಗಳಿಂದ ಉಜ್ಜಕೂಡದು. ಬೋರಿನ ಗಡಸುನೀರು ಒಣಗಿ ಬಿಳಿಯ ಕಲೆಯಾಗುವುದರಿಂದ ಮಳೆನೀರು ಶ್ರೇಷ್ಠ.

ಸೀಸದ ಬ್ಯಾಟರಿಯ ನೀರಿನ ಮಟ್ಟವನ್ನು ಎರಡು ಮೂರು ತಿಂಗಳಿಗೊಮ್ಮೆ ನೋಡಿ, ಕಡಮೆಯಾಗಿದ್ದರೆ ಬಟ್ಟಿಯಿಳಿಸಿದ ಶುದ್ಧ ನೀರನ್ನೇ ಹಾಕತಕ್ಕದ್ದು. ಬಾವಿಯ ನೀರಾಗಲಿ ಆಮ್ಲವಾಗಲಿ ಹಾಕಿದರೆ ಬ್ಯಾಟರಿಯು ಕೆಡುತ್ತದೆ. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗಾಳಿಯು ಹೊರಡುವುದರಿಂದ ಅದನ್ನು ಗಾಳಿಯಾಡುವ ಸ್ಥಳದಲ್ಲಿ, ಒಲೆ ದೀಪಗಳಿಂದ ದೂರವಾಗಿ, ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. ಸತ್ತ ಬ್ಯಾಟರಿಯನ್ನು ಮನೆಯಲ್ಲಿ ಒಡೆದು ಸೀಸವನ್ನು ಕರಗಿಸುವುದು ಮಹಾ ಅಪಾಯಕರ. ಆ ವಿಷವು ಮಣ್ಣಿನಲ್ಲಿಯೂ ಎಳೆಮಕ್ಕಳ ರಕ್ತದಲ್ಲಿಯೂ ಉಳಿಯುತ್ತದೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಹಿಂದಕ್ಕೆ ಕೊಡತಕ್ಕದ್ದು.

ಬೆಳಕು ಬೀಳುತ್ತಿರುವವರೆಗೆ ಫಲಕವು ವಿದ್ಯುತ್ತನ್ನು ಹುಟ್ಟಿಸುತ್ತಲೇ ಇರುವುದರಿಂದ ಹಗಲಿನಲ್ಲಿ ಅದರ ತಂತಿಯನ್ನು ಬಿಚ್ಚಕೂಡದು. ಸಿಡಿಲಿನ ಭಯವಿರುವುದರಿಂದ ಚೌಕಟ್ಟಿಗೆ ಭೂಸಂಪರ್ಕವನ್ನು ಮಾಡಿಸುವುದು ಅವಶ್ಯಕ. ಸೀಸದ ಬ್ಯಾಟರಿಯು ಚೆನ್ನಾಗಿ ನೋಡಿಕೊಂಡರೂ ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷ ಬಾಳುತ್ತದೆ. ಫಲಕದ ಆಯುಸ್ಸಿನಲ್ಲಿ ನಾಲ್ಕು ಐದು ಸಲ ಬ್ಯಾಟರಿಯನ್ನು ಕೊಳ್ಳಬೇಕಾಗುವುದೆಂದು ತಿಳಿದು, ಮೊದಲ ತಿಂಗಳಿನಿಂದಲೇ ಸ್ವಲ್ಪ ಹಣವನ್ನು ಅದಕ್ಕಾಗಿ ತೆಗೆದಿಡತಕ್ಕದ್ದು. ಅನೇಕ ಮನೆಗಳಲ್ಲಿ ದೀಪವು ಆರಿಹೋಗುವುದು ಫಲಕವು ಕೆಟ್ಟಿದ್ದರಿಂದಲ್ಲ, ಎರಡನೆಯ ಬ್ಯಾಟರಿಗೆ ಹಣವಿಲ್ಲದ್ದರಿಂದ.

೧೦. ಸೂರ್ಯಪಂಪು ಮತ್ತು ಅಂತರ್ಜಲ

ಮನೆಯ ದೀಪದಿಂದ ತೋಟದ ಪಂಪಿಗೆ ಮನಸ್ಸು ಹೋಗುವುದು ಸಹಜ. ಪಂಪಿಗೆ ಬ್ಯಾಟರಿ ಬೇಕಿಲ್ಲ. ಬಿಸಿಲಿದ್ದಾಗ ನೀರನ್ನೆತ್ತಿ ತೊಟ್ಟಿಯಲ್ಲಿ ತುಂಬಿದರೆ ತೊಟ್ಟಿಯೇ ಬ್ಯಾಟರಿಯಾಗುತ್ತದೆ. ಹಗಲಿನಲ್ಲೇ ನೀರು ದೊರೆಯುವುದರಿಂದ ರಾತ್ರಿ ಹಾವು ಚೇಳುಗಳ ನಡುವೆ ಗದ್ದೆಗೆ ಹೋಗುವ ಕಷ್ಟವು ತಪ್ಪುತ್ತದೆ. ಆದರೆ ಇದರಲ್ಲಿ ಒಂದು ಅಪಾಯವೂ ಉಂಟು. ಡೀಸೆಲ್ಲಿಗೆ ಹಣ ಕೊಡುವವನು ಸಾಕಾದೊಡನೆ ಪಂಪನ್ನು ನಿಲ್ಲಿಸುತ್ತಾನೆ. ಖರ್ಚಿಲ್ಲದ ಬಿಸಿಲಿನ ಪಂಪನ್ನು ನಿಲ್ಲಿಸಲು ಕೈ ಬರುವುದಿಲ್ಲ. ಎಲ್ಲರೂ ಹೀಗೆಯೇ ಮಾಡಿದರೆ ಬಾವಿಗಳು ಬತ್ತುವುದು ನಿಶ್ಚಯ. ಆಗ ಫಲಕವೂ ಪಂಪೂ ಇದ್ದು ನೀರಿಲ್ಲದಂತಾಗುತ್ತದೆ.

ಇದಕ್ಕೆ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಗ್ರಾಮದಲ್ಲಿ ಒಂದು ಉಪಾಯವನ್ನು ಪ್ರಯೋಗಿಸಿದರು. ೨೦೧೬ರಲ್ಲಿ ಅಲ್ಲಿಯ ಆರು ಮಂದಿ ರೈತರು ಸಹಕಾರ ಸಂಘವನ್ನು ಸ್ಥಾಪಿಸಿ, ಪಂಪಿಗೆ ಬೇಕಾದುದನ್ನು ಕಳೆದು ಉಳಿದ ವಿದ್ಯುತ್ತನ್ನು ಸಂಘದ ಮೂಲಕ ವಿದ್ಯುತ್ ಕಂಪನಿಗೆ ಮಾರತೊಡಗಿದರು. ಹೀಗಾದಾಗ ಅನಾವಶ್ಯಕವಾಗಿ ಎತ್ತಿದ ನೀರು ಕಳೆದುಕೊಂಡ ಹಣವಾಗಿ ಕಾಣುತ್ತದೆ. ನೀರನ್ನು ಉಳಿಸುವವನಿಗೆ ಆದಾಯವೂ ದೊರೆಯುತ್ತದೆ. ಕರ್ನಾಟಕದಲ್ಲಿಯೂ ೨೦೧೪ರಲ್ಲಿ ಸೂರ್ಯ ರೈತ ಎಂಬ ಹೆಸರಿನಲ್ಲಿ ಇದೇ ಉದ್ದೇಶದ ಯೋಜನೆಯು ಪ್ರಕಟವಾಗಿ, ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಪ್ರಯೋಗವು ನಡೆಯಿತು. ಇಂಥ ಮಾರಾಟದ ಅನುಕೂಲವಿಲ್ಲದ ಕಡೆಗಳಲ್ಲಿ ಹನಿನೀರಾವರಿಯನ್ನು ಕೂಡಿಸದೆ ಸೂರ್ಯಪಂಪನ್ನು ಹಾಕುವುದು ಉಚಿತವಲ್ಲ.

೧೧. ಗ್ರಾಮದ ಮುಖಂಡರ ಕರ್ತವ್ಯ

ಒಂದು ಊರಿನಲ್ಲಿ ಹತ್ತು ಮನೆಗಳು ಬೇರೆ ಬೇರೆ ವ್ಯಾಪಾರಿಗಳಿಂದ ಬೇರೆ ಬೇರೆ ಬಗೆಯ ಉಪಕರಣಗಳನ್ನು ಕೊಂಡರೆ, ಕೆಟ್ಟಾಗ ಯಾರನ್ನು ಕರೆಯಬೇಕೆಂಬುದೇ ತಿಳಿಯದು. ಹತ್ತು ಮನೆಯವರೂ ಕೂಡಿ ಒಂದೇ ಬಗೆಯದನ್ನು ಕೊಂಡರೆ ಬೆಲೆಯಲ್ಲಿ ಸಡಿಲಿಕೆಯೂ ದೊರೆಯಬಹುದು, ರಿಪೇರಿಗೆ ಬರಲು ವ್ಯಾಪಾರಿಗೂ ಉತ್ಸಾಹವಿರುತ್ತದೆ. ಊರಿನ ಒಬ್ಬ ಯುವಕನಿಗೋ ಯುವತಿ‌ಗೋ ತಂತಿ, ಫ್ಯೂಸು, ಬ್ಯಾಟರಿಗಳ ಕೆಲಸವನ್ನು ಕಲಿಸಿ, ಮನೆಗೆ ಇಷ್ಟೆಂದು ತಿಂಗಳಿಗೆ ಕೊಡುವ ಏರ್ಪಾಡನ್ನು ಮಾಡಿದರೆ ಊರಿನ ಉಪಕರಣಗಳೆಲ್ಲವೂ ಬಾಳುತ್ತವೆ. ಹಿಂದೆ ಕೆರೆಯ ತೂಬನ್ನು ನೋಡಿಕೊಳ್ಳುವ ನೀರುಗಂಟಿಗೆ ಪ್ರತಿ ಗದ್ದೆಯವನೂ ಕಾಳು ಅಳೆದು ಕೊಡುತ್ತಿದ್ದನು. ನೀರುಗಂಟಿ ಇಲ್ಲದ ಕೆರೆಯು ಎಷ್ಟು ದಿನ ಬಾಳಿತೆಂಬುದನ್ನು ಹಿರಿಯರು ಬಲ್ಲರು.

೧೨. ಸಾರಾಂಶ

ಮೇಲೆ ವಿವರಿಸಿದ ವಿಷಯಗಳಲ್ಲಿ ಮುಖ್ಯವಾದವನ್ನು ಈ ರೀತಿ ಸಂಗ್ರಹಿಸಬಹುದು:

(೧) ಫಲಕವನ್ನು ಕೊಳ್ಳುವ ಮೊದಲು ಮನೆಯ ದಿನದ ಖರ್ಚನ್ನು ಬರೆದು ಕೂಡಿಸತಕ್ಕದ್ದು. ಹೆಚ್ಚು ತಿನ್ನುವ ದೀಪ, ಫ್ಯಾನುಗಳನ್ನು ಮೊದಲು ಬದಲಾಯಿಸತಕ್ಕದ್ದು.
(೨) ಲೆಕ್ಕವನ್ನು ಮಳೆಗಾಲದ ಬೆಳಕಿನ ಮೇಲೆ ಮಾಡತಕ್ಕದ್ದು.
(೩) ನೀರು ಕಾಯಿಸಲು ಸೌರಹಂಡೆಯನ್ನೇ ಉಪಯೋಗಿಸತಕ್ಕದ್ದು. ಬ್ಯಾಟರಿಯ ವಿದ್ಯುತ್ತನ್ನು ಉಪಯೋಗಿಸಕೂಡದು.
(೪) ತಂತಿಗೆ ಸೇರಿದ ಏರ್ಪಾಡು ತಂತಿಯೊಡನೆ ನಿಲ್ಲುವುದೆಂದು ತಿಳಿದಿರತಕ್ಕದ್ದು.
(೫) ನೆರಳು ಮತ್ತು ಧೂಳುಗಳನ್ನು ತಪ್ಪಿಸತಕ್ಕದ್ದು. ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದುಮಾಡಕೂಡದು.
(೬) ಮುಂದಿನ ಬ್ಯಾಟರಿಯ ಹಣವನ್ನು ಮೊದಲ ತಿಂಗಳಿನಿಂದಲೇ ಕೂಡಿಡತಕ್ಕದ್ದು.
(೭) ಪಂಪಿನ ವಿಷಯದಲ್ಲಿ ಬಿಸಿಲನ್ನಲ್ಲ, ಬಾವಿಯ ನೀರನ್ನು ನೋಡಿ ನಡೆಯತಕ್ಕದ್ದು.

ಬೀಜವನ್ನು ಆರಿಸುವುದರಲ್ಲಿಯೂ ಗೊಬ್ಬರವನ್ನು ಅಳೆಯುವುದರಲ್ಲಿಯೂ ತೋರಿಸುವ ಜಾಗರೂಕತೆಯನ್ನೇ ಬೇಸಾಯಗಾರರು ಈ ಹೊಸ ಬೆಳೆಯ ವಿಷಯದಲ್ಲಿಯೂ ತೋರಿಸಿದರೆ, ಒಂದು ಸಲ ಹಾಕಿದ ಬಂಡವಾಳವು ಇಪ್ಪತ್ತೈದು ವರ್ಷಗಳ ಕಾಲ ಫಲವನ್ನು ಕೊಡುವುದರಲ್ಲಿ ಸಂದೇಹವಿಲ್ಲ.